ಚೇಂಬರಿನಲ್ಲಿ ಸಿಕ್ಕ ಹೊಂಗೆ ಹೂ: ನಮ್ಮ ಕ್ರಾಸಿನವರಿಗೊಂದು ಬಹಿರಂಗ ಪತ್ರ

ನಮ್ಮ ಕ್ರಾಸಿನ ಎಲ್ಲ ಮನೆಯವರಿಗೆ, ಮಹಡಿ ಮೇಲೆ ಬಾಡಿಗೆಗಿರುವವರಿಗೆ, ಪಿಜಿ ನಡೆಸುವವರಿಗೆ. ಹಾಗೇ ಚಾಮರಾಜಪೇಟೆ, ಬಸವನಗುಡಿ, ಜಯನಗರಗಳಲ್ಲಿ ಅಪ್ಪನೋ ಅಜ್ಜನೋ ಕಟ್ಟಿಸಿದ ಮನೆಯನ್ನು ಇನ್ನೂ ಬಿಲ್ಡರಿಗೆ ಕೊಡದೆ ಉಳಿಸಿಕೊಂಡಿರುವ ಎಲ್ಲರಿಗೂ,

ಮಲ್ಲೇಶ್ವರದಿಂದ ನಮಸ್ಕಾರ.

ನಾಲ್ಕು ವರ್ಷದ ಹಿಂದೆ ನಾವೆಲ್ಲ ಸೇರಿ ಒಂದು ಅರ್ಜಿ ಕೊಟ್ಟೆವಲ್ಲ, ನೆನಪಿರಬೇಕು. ಜೋರು ಮಳೆ ಬಂದಾಗಲೆಲ್ಲ ಇಳಿಜಾರಿನ ಕೊನೆಯಲ್ಲಿರುವ ಮೇಷ್ಟ್ರ ಮನೆಯೊಳಕ್ಕೆ ಯುಜಿಡಿ, ಅಂದರೆ ಒಳಚರಂಡಿ, ನೀರು ಉಕ್ಕುತ್ತದೆ, ಬೀದಿಯ ಪೈಪು ಸಾಲುತ್ತಿಲ್ಲ, ದೊಡ್ಡದು ಹಾಕಿಸಿಕೊಡಿ ಅಂತ. ಮೇಷ್ಟ್ರ ಹೆಂಡತಿಯೇ ಮನೆಮನೆಗೆ ಬಂದು ಸಹಿ ಮಾಡಿಸಿಕೊಂಡು ಹೋಗಿದ್ದರು. ನಾನೂ ಸಹಿ ಹಾಕಿದೆ. ಹಾಕಿದ್ದಷ್ಟೇ ಅಲ್ಲ, ‘ಪಾಪ, ನಿಮ್ಮ ಕಷ್ಟ ಯಾರಿಗೂ ಬೇಡ’ ಅಂತ ಕೂರಿಸಿ ಕಾಫಿ ಕೊಟ್ಟು ಕಳಿಸಿದೆ. ಅವರ ಮನೆಗೆ ನುಗ್ಗುತ್ತಿದ್ದ ನೀರಿನಲ್ಲಿ ನಮ್ಮ ತಾರಸಿಯ ಪಾಲೂ ಇತ್ತು ಅನ್ನುವುದು ನನಗೆ ಗೊತ್ತಾದದ್ದು ಕಳೆದ ಮೇ ತಿಂಗಳಲ್ಲಿ, ಅದೂ ನಮ್ಮ ಬಚ್ಚಲುಮನೆಯಲ್ಲೇ ಉಕ್ಕಿದ ಮೇಲೆ.

ಆ ಸಂಜೆ ಆಲಿಕಲ್ಲು ಮಳೆ. ಅತ್ತೆಯವರು ದೇವರ ಮುಂದೆ ದೀಪ ಹಚ್ಚಿ ಕೂತಿದ್ದರು. ನಾನು ಒಲೆ ಮೇಲೆ ಹಾಲಿಟ್ಟಿದ್ದೆ. ಬಚ್ಚಲಿನ ಕಡೆಯಿಂದ ಯಾರೋ ಹೂಜಿ ಬಗ್ಗಿಸಿದ ಹಾಗೆ ಗುಳುಗುಳು ಸದ್ದು. ಹೋಗಿ ನೋಡಿದರೆ ನೆಲದ ಜಾಲರಿಯ ಒಂದೊಂದು ತೂತಿನಿಂದಲೂ ಕಪ್ಪು ನೀರು ಗುಳ್ಳೆಗುಳ್ಳೆಯಾಗಿ ಏಳುತ್ತಿದೆ. ಮಹಡಿಯ ಹುಡುಗರಿಗೆ ‘ನಲ್ಲಿ ನಿಲ್ಲಿಸ್ರಪ್ಪಾ’ ಅಂತ ಕೂಗಿದೆ. ನಿಲ್ಲಿಸಿದರು. ನೀರು ನಿಲ್ಲಲಿಲ್ಲ. ಜಾಲರಿಯ ಮೇಲೆ ಹಳೇ ಪಂಚೆ ತುರುಕಿ ಅದರ ಮೇಲೆ ರುಬ್ಬುಗುಂಡು ಇಟ್ಟೆ. ಗೆದ್ದೆ ಅಂದುಕೊಂಡೆ. ಐದೇ ನಿಮಿಷ, ಹಿತ್ತಿಲಲ್ಲಿ ಪಾತ್ರೆ ತೊಳೆಯುವ ಕಟ್ಟೆಯ ತೂತಿನಿಂದ ಅದೇ ನೀರು ಬಂತು. ಅಷ್ಟರಲ್ಲಿ ಬಚ್ಚಲಿನ ಹೊಸ್ತಿಲು ದಾಟಿದ್ದು ಹಜಾರದ ಕೆಂಪು ಗಾರೆ ನೆಲದ ಮೇಲೆ ಹರಿಯುತ್ತಿತ್ತು. ‘ಏನಮ್ಮಾ ಅದು ವಾಸನೆ?’ ಅಂತ ಅತ್ತೆ ಕೇಳಿದರು. ನನಗೆ ಬಾಯಿ ಬರಲಿಲ್ಲ. ಹಾಲೂ ಉಕ್ಕಿ ಹೋಯಿತು.

ಮನೆಯಲ್ಲಿ ಒಂದೇ ಒಂದು ನಲ್ಲಿ ತೆರೆದಿಲ್ಲ, ಆದರೂ ಏರುತ್ತಿದೆ. ನಾವು ಬಳಸಿ ಬಿಟ್ಟ ನೀರಲ್ಲ ಇದು, ಇನ್ನೆಲ್ಲಿಂದಲೋ ಬರುತ್ತಿರುವುದು ಅಂತ ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ‘ಬೀದಿ ಲೈನ್ ಬ್ಲಾಕ್ ಆಗಿರಬೇಕು’ ಅಂತ ಜಲಮಂಡಳಿಯ 1916ಕ್ಕೆ ಫೋನ್ ಮಾಡಿದೆ. ಬೆಳಿಗ್ಗೆ ಬಂದವರು ಬೀದಿಯ ಮ್ಯಾನ್‌ಹೋಲ್ ಮುಚ್ಚಳ ತೆಗೆದು ತೋರಿಸಿದರು. ಒಳಗೆ ನೀರು ತಳದಲ್ಲಿ ತಣ್ಣಗೆ ಹರಿದುಕೊಂಡು ಹೋಗುತ್ತಿತ್ತು. ‘ಇಲ್ಲೇನೂ ಇಲ್ಲಮ್ಮಾ, ನಿಮ್ಮ ಕಾಂಪೌಂಡ್ ಒಳಗೇ ಇದೆ, ಚೇಂಬರ್ ತೆಗೆಸಿ ನೋಡಿ’ ಅಂದರು.

ಚೇಂಬರ್ ಅಂದರೆ ಮನೆಯ ಕೊಳೆನೀರೆಲ್ಲ ಬೀದಿಗೆ ಹೋಗುವ ಮೊದಲು ಸೇರುವ ಗುಂಡಿ. ಅದು ಎಲ್ಲಿದೆ? ಮೂವತ್ತು ವರ್ಷದಿಂದ ಸಂಸಾರ ಮಾಡುತ್ತಿರುವ ಮನೆ, ಕೊಳೆನೀರು ಹೊರಗೆ ಹೋಗುವ ದಾರಿ ನನಗೆ ಗೊತ್ತಿಲ್ಲ. ಮನೆ ರಿಪೇರಿ ಮಾಡಿಸಿದಾಗ ಕಾರು ನಿಲ್ಲಿಸಲು ಅಂತ ಮುಂಗಡೆ ಪೂರ್ತಿ ಗ್ರಾನೈಟ್ ಹಾಸಿಸಿದ್ದೆವು, ಚೇಂಬರಿನ ಮೇಲೂ. ಪ್ಲಂಬರ್ ಹುಡುಗ ಕಬ್ಬಿಣದ ಸಲಾಕೆ ಹಿಡಿದು ಅಲ್ಲಿ ಇಲ್ಲಿ ಕುಟ್ಟುತ್ತ ನಿಂತಿದ್ದ. ಕೊನೆಗೆ ಒಳಗಿನಿಂದ ಅತ್ತೆಯವರ ದನಿ: ‘ಅಲ್ಲಿ ದಾಸವಾಳದ ಗಿಡ ಇತ್ತಲ್ಲ, ಅದರಿಂದ ಎರಡು ಮಾರು ಗೇಟಿನ ಕಡೆಗೆ. ನಾನು ಮದುವೆಯಾಗಿ ಬಂದ ವರ್ಷ ತೆಗೆಸಿದ್ರು.’ ದಾಸವಾಳದ ಗಿಡವಾದರೂ ಎಲ್ಲಿದೆ? ಅದೂ ಗ್ರಾನೈಟಿನ ಅಡಿಗೆ ಹೋಗಿತ್ತು. ಅತ್ತೆಯವರನ್ನೇ ಕೈ ಹಿಡಿದು ಕರೆತಂದು ನಿಲ್ಲಿಸಿದೆವು. ಅವರು ಊರುಗೋಲಿನಿಂದ ತೋರಿಸಿದ ಜಾಗದಲ್ಲಿ ಒಡೆದರೆ ಒಂದು ಗೇಣು ಮಾತ್ರ ಆಚೀಚೆ.

ಮುಚ್ಚಳ ಎತ್ತಿದಾಗ ಚೇಂಬರ್ ಬಾಯಿವರೆಗೂ ತುಂಬಿತ್ತು. ಬೀದಿಯ ಮ್ಯಾನ್‌ಹೋಲ್ ಖಾಲಿ, ನಮ್ಮದು ಭರ್ತಿ. ತಡೆ ಇರುವುದು ಇವೆರಡರ ನಡುವಿನ ಹದಿನೈದು ಅಡಿಯಲ್ಲಿ. ಅವನು ಬಿದಿರು ದಬ್ಬೆ ತೂರಿಸಿ ತಿರುವಿ ತಿರುವಿ ಎಳೆದಾಗ ಬಂದದ್ದು ನೋಡಿ ನಾನು ಹಿಂದೆ ಸರಿದೆ. ಒದ್ದೆಯಾದ ಜಡೆಯ ಹಾಗೆ ಒಂದು ಮೊಳ ಉದ್ದದ ಬೇರಿನ ಗೊಂಚಲು. ಅದರ ಎಳೆಎಳೆಗೂ ಕೂದಲು, ಪಾತ್ರೆ ತಿಕ್ಕುವ ತೆಂಗಿನ ನಾರು, ಮೇಣದ ಹಾಗೆ ಗಟ್ಟಿಯಾದ ಜಿಡ್ಡು, ಯಾವುದೋ ಬಟ್ಟೆಯಂಥ ವೈಪ್ಸು. ಇಷ್ಟಾದರೆ ಎಲ್ಲರ ಮನೆಯ ಕಥೆಯೇ. ಆದರೆ ಹುಡುಗ ಆ ಜಡೆಯನ್ನು ಕೋಲಿನಿಂದ ಬಿಡಿಸುತ್ತ, ಅಂಟಿಕೊಂಡಿದ್ದ ಏನನ್ನೋ ತೋರಿಸಿ ಕೇಳಿದ: ‘ಅಮ್ಮಾ, ಕಕ್ಕಸಿನ ಲೈನಲ್ಲಿ ಹೊಂಗೆ ಹೂ ಹೆಂಗ್ ಬಂತು?’

ನಮ್ಮ ಗೇಟಿನ ಮುಂದಿನ ಹೊಂಗೆ ಮರ ನಿಮಗೆಲ್ಲ ಗೊತ್ತು. ಬೇಸಿಗೆಯಲ್ಲಿ ಪುರಿ ಚೆಲ್ಲಿದ ಹಾಗೆ ಹೂ ಉದುರಿಸುತ್ತದೆ. ರಸ್ತೆಗೂ ಉದುರುತ್ತದೆ, ನಮ್ಮ ತಾರಸಿಗೂ. ರಸ್ತೆಯ ಹೂ ಯುಜಿಡಿಗೆ ಹೋಗುವುದಿಲ್ಲ. ತಾರಸಿಯ ಹೂ ಹೋಗಬೇಕಾದರೆ ತಾರಸಿಯ ಪೈಪು ಚೇಂಬರಿಗೆ ಸೇರಿರಬೇಕು. ಸೇರಿತ್ತು. ಮಳೆನೀರು ಕಾರಿನ ಕೆಳಗೆ ನಿಲ್ಲುತ್ತದೆ ಅಂತ ರಿಪೇರಿಯ ಸಮಯದಲ್ಲಿ ನಮ್ಮ ಯಜಮಾನರೇ ನಿಂತು ಮಾಡಿಸಿದ್ದಂತೆ. ಕೇಳಿದರೆ, ‘ಮೇಸ್ತ್ರಿ ಎಲ್ಲರೂ ಹಾಗೇ ಮಾಡ್ತಾರೆ ಸಾರ್ ಅಂದ’ ಅಂದರು. ಮೇಸ್ತ್ರಿ ಸುಳ್ಳೇನೂ ಹೇಳಿರಲಿಲ್ಲ. ಅದಕ್ಕೇ ಈ ಪತ್ರ.

ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಚದರಡಿ ತಾರಸಿ ಸುಮಾರು 93 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಮೇ ತಿಂಗಳ ಒಂದು ಒಳ್ಳೇ ಮಳೆ ಗಂಟೆಯಲ್ಲಿ 50 ಮಿಲಿಮೀಟರ್ ಸುರಿಯಿತು ಅಂದುಕೊಳ್ಳಿ, ಆ ತಾರಸಿಯಿಂದ ಇಳಿಯುವುದು ನಾಲ್ಕೂವರೆ ಸಾವಿರ ಲೀಟರಿಗೂ ಮೇಲೆ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಐದು ಜನರ ಮನೆಗೆ 675 ಲೀಟರ್. ಸ್ನಾನ, ಪಾತ್ರೆ, ಬಟ್ಟೆ, ಕಕ್ಕಸು ಎಲ್ಲ ಸೇರಿ ಒಂದು ವಾರದಲ್ಲಿ ಮನೆಯಿಂದ ಹೋಗುವಷ್ಟು ನೀರನ್ನು ನಾವು ಒಂದೇ ಗಂಟೆಯಲ್ಲಿ ಅದೇ ಪೈಪಿಗೆ ಸುರಿಯುತ್ತೇವೆ. ಕ್ರಾಸಿನಲ್ಲಿ ಇಪ್ಪತ್ತು ಮನೆ ಹಾಗೆ ಮಾಡಿದರೆ ಮೇಷ್ಟ್ರ ಮನೆ ಬಚ್ಚಲು ಉಕ್ಕದೆ ಇನ್ನೇನಾಗಬೇಕು? ನಾವು ಅರ್ಜಿಯಲ್ಲಿ ಕೇಳಿದ ದೊಡ್ಡ ಪೈಪು ಬಂದಿದ್ದರೂ ಅದನ್ನೂ ನಾವೇ ತುಂಬಿಸುತ್ತಿದ್ದೆವು.

ಬೆಂಗಳೂರಿನಲ್ಲಿ ಮಳೆನೀರಿಗೊಂದು ದಾರಿ, ಕೊಳೆನೀರಿಗೊಂದು ದಾರಿ. ಮಳೆನೀರು ರಸ್ತೆ ಬದಿಯ ಮೋರಿಗೆ ಹೋಗಿ ರಾಜಕಾಲುವೆ ಸೇರಬೇಕು. ಕೊಳೆನೀರು ಯುಜಿಡಿಯಲ್ಲಿ ಶುದ್ಧೀಕರಣ ಘಟಕಕ್ಕೆ. ಯುಜಿಡಿ ಪೈಪಿನ ಅಳತೆ ನಿಗದಿ ಮಾಡುವಾಗ ತಾರಸಿಯ ಮಳೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ, ಅದಕ್ಕೆ ಸೇರಿಸಲು ಅನುಮತಿಯೂ ಇಲ್ಲ. ಇದು ನಮಗೆಲ್ಲ ಗೊತ್ತಿರುವ ವಿಷಯ. ಗೊತ್ತಿದ್ದೂ ಮನೆ ಮುಂದೆ ನೀರು ನಿಲ್ಲಬಾರದು ಅಂತ ಸೇರಿಸುತ್ತೇವೆ. ಇಡೀ ಊರು ದಿಬ್ಬದ ಮೇಲೆ ಕೂತಿದೆ. ಪಶ್ಚಿಮಕ್ಕೆ ಹರಿದದ್ದು ವೃಷಭಾವತಿಗೆ, ಪೂರ್ವಕ್ಕೆ ಹರಿದದ್ದು ದಕ್ಷಿಣ ಪಿನಾಕಿನಿಯ ಕಡೆಗೆ. ಇಲ್ಲಿ ಇಳಿಜಾರಿಗೇನೂ ಬಡತನವಿಲ್ಲ. ಆದರೆ ಇಳಿಜಾರು ಇರುವ ಕಡೆ ಮೇಲಿನವರ ತಪ್ಪಿಗೆ ದಂಡ ಕಟ್ಟುವವರು ಕೆಳಗಿನವರು.

ಈಗ ಲಕ್ಷಣಗಳ ವಿಷಯಕ್ಕೆ ಬರುತ್ತೇನೆ. ಯಾಕೆಂದರೆ ಉಕ್ಕುವ ಆರು ತಿಂಗಳ ಮೊದಲಿಂದಲೇ ಮನೆ ನನಗೆ ಹೇಳುತ್ತಿತ್ತು. ವಾಷಿಂಗ್ ಮಷೀನ್ ನೀರು ಬಿಟ್ಟಾಗ ಪಕ್ಕದ ಕಮೋಡಿನಲ್ಲಿ ‘ಬುಳುಕ್’ ಅನ್ನುತ್ತಿತ್ತು. ಮಹಡಿಯವರು ಸ್ನಾನ ಮಾಡಿದರೆ ನಮ್ಮ ಬಚ್ಚಲ ಜಾಲರಿಯಲ್ಲಿ ನೀರು ಒಂದು ಕ್ಷಣ ಇಣುಕಿ ಮತ್ತೆ ಇಳಿಯುತ್ತಿತ್ತು. ರಾತ್ರಿ ಜಿರಳೆ ಜಾಸ್ತಿಯಾಗಿತ್ತು. ಒಂದು ಸಿಂಕು ಮಾತ್ರ ನಿಧಾನವಾದರೆ ಆ ಸಿಂಕಿನ ಪೈಪಿನಲ್ಲಷ್ಟೇ ಕಸ ಕೂತಿರುತ್ತದೆ, ಬಿಚ್ಚಿ ತೊಳೆದರೆ ಮುಗಿಯಿತು. ಆದರೆ ಒಂದು ಕಡೆ ನೀರು ಬಿಟ್ಟರೆ ಇನ್ನೊಂದು ಕಡೆ ಸದ್ದು, ಎರಡು ಮೂರು ಕಡೆ ಒಟ್ಟಿಗೆ ನಿಧಾನ — ಹೀಗಾದರೆ ಎಲ್ಲ ಪೈಪುಗಳೂ ಸೇರುವ ಮೇನ್ ಲೈನಿನಲ್ಲಿ ತೊಂದರೆ. ಅದು ಮೊದಲು ಕಾಣಿಸಿಕೊಳ್ಳುವುದು ಮನೆಯ ಅತ್ಯಂತ ತಗ್ಗಿನ ಬಾಯಲ್ಲಿ: ಕೆಳಮನೆಯ ಬಚ್ಚಲ ಜಾಲರಿ, ಇಲ್ಲವೇ ಹಿತ್ತಿಲ ಕಕ್ಕಸು. ಮಹಡಿಯಲ್ಲಿರುವವರಿಗೆ ಏನೂ ಗೊತ್ತಾಗುವುದೇ ಇಲ್ಲ. ಅವರ ಪಾಲಿಗೆ ಎಲ್ಲ ಸರಾಗವಾಗಿ ಹೋಗುತ್ತಿರುತ್ತದೆ, ನಮ್ಮ ತಲೆಯ ಮೇಲೆ ಅಲ್ಲದಿದ್ದರೂ ಕಾಲಿನ ಮೇಲೆ.

ವಾಸನೆ ಬಂದರೆ ಗಾಬರಿಯಾಗುವ ಮೊದಲು ಒಂದು ತಂಬಿಗೆ ನೀರು ಹಾಕಿ ನೋಡಿ. ಬಳಸದ ಬಚ್ಚಲಿನ ಜಾಲರಿಯ ಕೆಳಗೆ ನೀರು ನಿಂತು ಕೆಟ್ಟ ಗಾಳಿಯನ್ನು ತಡೆಯುವ ನಹಾನಿ ಟ್ರ್ಯಾಪ್ ಇರುತ್ತದೆ; ಅದರಲ್ಲಿ ನೀರು ಒಣಗಿದ್ದರೂ ಗಾಳಿ ಒಳಕ್ಕೆ ಬರುತ್ತದೆ. ಮಕ್ಕಳು ಅಮೆರಿಕಾಗೆ ಹೋಗಿ ಕೋಣೆಗೆ ಬೀಗ ಬಿದ್ದಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ನೀರು ಹಾಕಿದ ಮೇಲೂ ವಾಸನೆ ಹೋಗದಿದ್ದರೆ ಗೋಡೆಗೆ ಒರಗಿ ನಿಂತಿರುವ, ಒಳಗಿನ ಗಾಳಿ ಹೊರಹೋಗುವ ವೆಂಟ್ ಪೈಪನ್ನು ನೋಡಿ. ಹಳೇ ಮನೆಗಳಲ್ಲಿ ಅದು ಬೀಡು ಕಬ್ಬಿಣದ ಪೈಪು, ತುದಿಯಲ್ಲಿ ಪಂಜರದಂಥ ಟೋಪಿ. ಮಹಡಿ ಏರಿಸುವಾಗ ಅದನ್ನು ಅರ್ಧಕ್ಕೆ ಕತ್ತರಿಸಿ ಸಿಮೆಂಟ್ ಮೆತ್ತಿರುವುದನ್ನು ನಾನೇ ಎರಡು ಮನೆಯಲ್ಲಿ ನೋಡಿದ್ದೇನೆ. ಆಮೇಲೆ ಗಾಳಿಗೆ ಹೋಗಲು ದಾರಿಯಿಲ್ಲದೆ ಕಮೋಡಿನಲ್ಲಿ ಗುಳುಗುಟ್ಟುತ್ತದೆ.

ಹಳೇ ಮನೆಗೇ ಯಾಕೆ ಈ ಪೀಡೆ? ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು 1898ರ ಪ್ಲೇಗಿನ ಭಯಕ್ಕೆ, ಗಾಳಿ ಬೆಳಕು ಇರಲಿ, ಊರು ಚೊಕ್ಕಟವಾಗಿರಲಿ ಅಂತ. ಮನೆಗಳ ಬೆನ್ನಿಗೆ ಇವತ್ತಿಗೂ ಇರುವ ಕನ್ಸರ್ವೆನ್ಸಿ ಗಲ್ಲಿ ಯಾತಕ್ಕೆ ಇದ್ದದ್ದು ಅಂತ ಮೊಮ್ಮಕ್ಕಳಿಗೆ ಹೇಳಲು ನಮಗೆ ನಾಚಿಕೆ. ಕಕ್ಕಸಿನ ಬಕೆಟ್ಟನ್ನು ಹಿಂದಿನಿಂದ ಎಳೆದು ತಲೆಯ ಮೇಲೆ ಹೊತ್ತುಕೊಂಡು ಹೋಗುವವರಿಗಾಗಿ ಅದು. ಆಮೇಲೆ ಒಳಚರಂಡಿ ಬಂತು, ಮಣ್ಣು ಸುಟ್ಟು ಮಾಡಿದ ಸ್ಟೋನ್‌ವೇರ್ ಪೈಪುಗಳು ಬಂದವು. ಆ ಪೈಪು ತಾನಾಗಿ ಸವೆಯುವುದು ಕಡಿಮೆ. ಆದರೆ ಎರಡೆರಡು ಅಡಿಗೊಂದು ಸಿಮೆಂಟ್ ಬೆಸುಗೆ, ಆ ಬೆಸುಗೆ ಬಿರಿಯುತ್ತದೆ. ಮೇಲೆ ಕಾರು, ನೀರಿನ ಟ್ಯಾಂಕರ್ ಓಡಾಡಿದರೆ ಒಂದು ತುಂಡು ಕುಸಿಯುತ್ತದೆ. 1974ರಲ್ಲಿ ಕಾವೇರಿ ಬಂದಮೇಲೆ ಒಳಗೆ ಬರುವ ನೀರು ಹೆಚ್ಚುತ್ತಲೇ ಹೋಯಿತು, ಒಂದು ಸಂಸಾರದ ಮನೆ ಮೂರು ಸಂಸಾರದ್ದಾಯಿತು, ಮೂರನೇದು ಪಿಜಿ ಆಯಿತು. ಹೊರಗೆ ಹೋಗುವ ಪೈಪು ಮಾತ್ರ ಅಜ್ಜನ ಕಾಲದ್ದೇ, ನಾಲ್ಕು ಇಂಚು.

ಬೇರು ಪೈಪನ್ನು ಒಡೆದು ನುಗ್ಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಲ್ಲ. ಬಿರಿದ ಬೆಸುಗೆಯಿಂದ ಒಸರುವ ತೇವ ಹುಡುಕಿಕೊಂಡು ಕೂದಲೆಳೆಯಷ್ಟು ತೆಳ್ಳಗೆ ಒಳಗೆ ಬರುತ್ತದೆ, ಒಳಗೆ ಬಂದಮೇಲೆ ಹಬ್ಬುತ್ತದೆ. ಅದಕ್ಕೇ ದಯವಿಟ್ಟು ಹೊಂಗೆ ಮರ ಕಡಿಸುವ ಮಾತೆತ್ತಬೇಡಿ; ಪಕ್ಕದ ಮನೆಯವರು ಆಗಲೇ ಎತ್ತಿದ್ದಾರೆ. ನಾವು ಆ ಹದಿನೈದು ಅಡಿ ಅಗೆಸಿ ಹಳೇ ಪೈಪು ತೆಗೆಸಿ ಆರು ಇಂಚಿನ ಪಿವಿಸಿ ಹಾಕಿಸಿದೆವು, ರಬ್ಬರ್ ರಿಂಗಿನ ಜಾಯಿಂಟಿನದು. ರಸ್ತೆ ಅಗೆಯಲು ಅನುಮತಿ ಬೇಕು, ಅದನ್ನು ಪಡೆದೇ ಮಾಡಿ. ವಾಟ ನೀವೇ ನಿಂತು ನೋಡಿ. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ ಇಳಿಜಾರು, ಆರು ಇಂಚಿನದಕ್ಕೆ 60 ಅಡಿಗೆ ಒಂದು ಅಡಿ. ಕಡಿಮೆಯಾದರೆ ಕಸ ಕೂರುತ್ತದೆ. ‘ಕಣ್ಣಳತೇಲಿ ಸರಿಯಾಗಿದೆ ಅಮ್ಮಾ’ ಅಂದರೆ ಒಪ್ಪಬೇಡಿ, ಮಟ್ಟ ನೋಡುವ ನೀರಿನ ಟ್ಯೂಬು ಹಿಡಿಸಿ.

ಅಡಿಗೆಮನೆಯದು ಚುಟುಕಾಗಿ ಹೇಳಿಬಿಡುತ್ತೇನೆ. ಒಗ್ಗರಣೆ ಎಣ್ಣೆ, ಬೋಂಡ ಕರಿದ ಎಣ್ಣೆ ಬಿಸಿಯಲ್ಲಿ ನೀರಿನ ಹಾಗೆ ಹೋಗುತ್ತದೆ, ನಾಲ್ಕು ಮಾರು ಹೋಗಿ ಹೆಪ್ಪುಗಟ್ಟುತ್ತದೆ. ದೋಸೆ ಹಿಟ್ಟಿನ ಪಾತ್ರೆ ತೊಳೆದ ಗಂಜಿ, ಅನ್ನದ ಅಗಳು, ಕಾಫಿ ಚರಟ ಅದಕ್ಕೆ ಮೆತ್ತಿಕೊಳ್ಳುತ್ತವೆ. ಚರಟ ಗಿಡಕ್ಕೆ ಹಾಕಿ, ಎಣ್ಣೆಯನ್ನು ಹಳೇ ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ. ಸ್ಯಾನಿಟರಿ ಪ್ಯಾಡು, ಡೈಪರು, ವೈಪ್ಸು ಕಮೋಡಿಗೆ ಹಾಕುವವರು ನಮ್ಮ ಕ್ರಾಸಿನಲ್ಲೂ ಇದ್ದಾರೆ. ಯಾರ ಮನೆ ಅಂತ ನಾನು ಬರೆಯುವುದಿಲ್ಲ, ನೀರು ರಭಸವಾಗಿ ಹಾಯಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಗಾಡಿ ಬಂದ ದಿನ ಎಲ್ಲರೂ ನೋಡಿದ್ದೀರಿ. ವೈಪ್ಸಿನ ಪ್ಯಾಕೆಟ್ಟಿನ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ದರೂ ನಂಬಬೇಡಿ. ಅದು ನೀರಿನಲ್ಲಿ ಕರಗುವುದಿಲ್ಲ, ನನ್ನ ಚೇಂಬರಿನಿಂದ ಬಂದದ್ದು ಒಗೆದು ಹರವಿದರೆ ಕರ್ಚೀಫಿಗೆ ಆಗುವಂತಿತ್ತು.

ಬ್ಲಾಕ್ ಅಂದ ಕೂಡಲೇ ಆಸಿಡ್ ಸುರಿಯುವ ಅಭ್ಯಾಸ ಬಿಡಿ. ಬೇರಿಗೆ ಅದರಿಂದ ಏನೂ ಆಗುವುದಿಲ್ಲ, ಸಿಮೆಂಟ್ ಬೆಸುಗೆ ಮಾತ್ರ ತಿಂದುಹೋಗುತ್ತದೆ. ಆಸಿಡ್ ಹಾಕಿದ ಮೇಲೆ ಯಾರಾದರೂ ತಿಳಿಯದೆ ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಬರಬಹುದು.

ಇದಕ್ಕಿಂತ ದೊಡ್ಡ ಮಾತೊಂದಿದೆ. ಆ ಬೆಳಿಗ್ಗೆ ಪ್ಲಂಬರ್ ಬರುವ ಮುಂಚೆ ನಮ್ಮ ಬೀದಿಯವರೊಬ್ಬರು — ಒಳ್ಳೆಯವರು, ಸಹಾಯ ಮಾಡಲೆಂದೇ ಬಂದವರು — ‘ಮಾರ್ಕೆಟ್ ಹತ್ತಿರ ಹುಡುಗರು ಸಿಗ್ತಾರೆ, ಐನೂರು ಕೊಟ್ಟರೆ ಒಳಗೆ ಇಳಿದು ತೆಗೀತಾರೆ, ಅರ್ಧ ಗಂಟೆ ಕೆಲಸ’ ಅಂದರು. ನೆಲ ತುಂಬ ಗಲೀಜು, ಮನೆಯಲ್ಲಿ ವಯಸ್ಸಾದವರು. ನಾನು ಬೇಡ ಅನ್ನಲು ಒಂದು ನಿಮಿಷ ತೆಗೆದುಕೊಂಡೆ. ಆ ಒಂದು ನಿಮಿಷದ ಬಗ್ಗೆ ನನಗೆ ಇನ್ನೂ ಹೇಸಿಗೆಯಿದೆ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಗಾಳಿ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ; ಹೆಚ್ಚಾದರೆ ಮೂಗೇ ಸತ್ತು ವಾಸನೆ ತಿಳಿಯುವುದಿಲ್ಲ, ಮನುಷ್ಯ ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ಹಾಗೇ. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಈ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೊರುವುದು ನಿಂತು ಇಳಿಯುವುದು ಉಳಿಯಿತು. ಮಲ ಹೊರಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಮ್ಯಾನ್‌ಹೋಲಿಗೋ ಸೆಪ್ಟಿಕ್ ಟ್ಯಾಂಕಿಗೋ ರಕ್ಷಣೆಯಿಲ್ಲದೆ ಜನರನ್ನು ಇಳಿಸುವಂತಿಲ್ಲ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮನೆಯವರು ಕರೆಸಿದರೂ ಅದೇ ಕಾಯ್ದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರೂ ಸೇರಿ ಆರು ಮಹಾನಗರಗಳ ಹೆಸರು ಹಿಡಿದು, ಕೈಯಿಂದ ಚರಂಡಿ ಶುಚಿ ಮಾಡಿಸುವುದು ನಿಲ್ಲಬೇಕು ಅಂದಿದೆ. ದಬ್ಬೆ ತೂರಿಸುವುದು, ಜೆಟ್ಟಿಂಗ್ ಮಾಡುವುದು, ಸಕ್ಕಿಂಗ್ ಗಾಡಿ ಕರೆಸುವುದು ಎಲ್ಲ ಮೇಲೆ ನಿಂತೇ ಆಗುವ ಕೆಲಸ. ಇಳಿಯಲು ಒಪ್ಪುವವರು ಸಿಕ್ಕರು ಅಂತ ಇಳಿಸಬೇಡಿ.

ಉಕ್ಕಿದ ದಿನ ಏನು ಮಾಡಬೇಕು ಅನ್ನುವುದನ್ನು ನಾನು ತಡವಾಗಿ ಕಲಿತೆ. ನಲ್ಲಿ, ಫ್ಲಶ್ಶು, ವಾಷಿಂಗ್ ಮಷೀನು ಎಲ್ಲ ನಿಲ್ಲಿಸಿ, ಮಹಡಿಯವರಿಗೂ ಹೇಳಿ. ನೆಲದ ಹತ್ತಿರ ಪ್ಲಗ್ಗುಗಳಿದ್ದರೆ ಮೇನ್ ಸ್ವಿಚ್ ತೆಗೆಯಿರಿ. ಆಮೇಲೆ ಸಂಪನ್ನು ನೋಡಿ! ನಮ್ಮೂರಿನ ಮನೆಗಳಲ್ಲಿ ಸಂಪೂ ಚೇಂಬರೂ ಗೇಟಿನ ಹತ್ತಿರ ಓರಗಿತ್ತಿಯರ ಹಾಗೆ ಪಕ್ಕಪಕ್ಕ. ಚೇಂಬರ್ ಉಕ್ಕಿ ಅಂಗಳದಲ್ಲಿ ಹರಿದ ನೀರು ಸಂಪಿನ ಮುಚ್ಚಳದ ಸಂದಿಯಿಂದ ಇಳಿದರೆ ಕುಡಿಯುವ ನೀರೇ ಹೋಯಿತು. ನಮ್ಮಲ್ಲಿ ಇಳಿದಿತ್ತು. ಮೋಟರ್ ಹಾಕಿ ಓವರ್‌ಹೆಡ್ ಟ್ಯಾಂಕಿಗೂ ಏರಿಸಿ ಆಗಿತ್ತು. ಎರಡನ್ನೂ ಖಾಲಿ ಮಾಡಿಸಿ, ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸುವಷ್ಟರಲ್ಲಿ ಎರಡು ದಿನ ಹೋಯಿತು, ಆ ಎರಡು ದಿನವೂ ಕ್ಯಾನಿನ ನೀರು. ಈಗ ಸಂಪಿನ ಬಾಯಿಗೆ ಒಂದು ಅಡಿ ಕಟ್ಟೆ ಕಟ್ಟಿಸಿದ್ದೇವೆ. ಕಾರು ತಿರುಗಿಸಲು ಯಜಮಾನರಿಗೆ ಕಷ್ಟ, ಕಷ್ಟವಾಗಲಿ.

ಮೇಷ್ಟ್ರ ಮನೆಯಂಥ ತಗ್ಗಿನ ಮನೆಗಳಿಗೆ ಇನ್ನೊಂದು ತೊಂದರೆ, ಅದು ಅವರ ಕೈಯಲ್ಲಿಲ್ಲ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ, ಕೆಲವು ಕಡೆ ಕಾಂಕ್ರೀಟೂ ಸುರಿದು ರಸ್ತೆ ಏರಿದೆ. ಅವರ ಮನೆಗೆ ಮೊದಲು ಮೂರು ಮೆಟ್ಟಿಲು ಹತ್ತಬೇಕಿತ್ತು, ಈಗ ಒಂದು ಮೆಟ್ಟಿಲು ಇಳಿಯಬೇಕು. ಯುಜಿಡಿ ತುಂಬಿದಾಗ ನೀರು ಬೀದಿಯ ಮ್ಯಾನ್‌ಹೋಲಿನ ಮುಚ್ಚಳದವರೆಗೆ ಏರಿ ರಸ್ತೆಗೆ ಚೆಲ್ಲಬೇಕು. ಆದರೆ ಯಾರ ಮನೆಯ ಬಚ್ಚಲು ಆ ಮುಚ್ಚಳಕ್ಕಿಂತ ತಗ್ಗಿದೆಯೋ ಅಲ್ಲಿ ಮೊದಲು ಏಳುತ್ತದೆ. ಅಂಥವರು ಚೇಂಬರಿನಿಂದ ಬೀದಿಗೆ ಹೋಗುವ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿಕೊಳ್ಳುವುದು ಒಳ್ಳೆಯದು. ನೀರು ಹೊರಗೆ ಹೋಗುವಾಗ ಒಳಗಿನ ತಟ್ಟೆ ತೆರೆಯುತ್ತದೆ, ತಿರುಗಿ ಬಂದರೆ ಮುಚ್ಚಿಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ತೆಗೆದು ತೊಳೆಯದಿದ್ದರೆ ಜಿಡ್ಡು ಹಿಡಿದು ಅದೇ ಒಂದು ಬ್ಲಾಕ್ ಆಗುತ್ತದೆ. ಇನ್ನೊಂದು: ಅದು ಮುಚ್ಚಿರುವಷ್ಟು ಹೊತ್ತು ನಿಮ್ಮ ನೀರೂ ಹೊರಗೆ ಹೋಗುವುದಿಲ್ಲ. ತಾರಸಿ ಪೈಪನ್ನು ಚೇಂಬರಿಗೇ ಬಿಟ್ಟುಕೊಂಡು ವಾಲ್ವ್ ಹಾಕಿಸಿದರೆ ನಿಮ್ಮ ಮಳೆ ನಿಮ್ಮ ಹಜಾರಕ್ಕೇ ಬರುತ್ತದೆ.

ರಸ್ತೆ ಮಾಡುವವರಲ್ಲಿ, ಮಾಡಿಸುವವರಲ್ಲಿ ನಮ್ಮದು ಒಂದೇ ಬಿನ್ನಹ. ಹೊಸ ಪದರ ಹಾಕುವ ಮೊದಲು ಹಳೇದನ್ನು ಕೆರೆದು ತೆಗೆಯಿರಿ, ಮ್ಯಾನ್‌ಹೋಲ್ ಮುಚ್ಚಳಗಳನ್ನು ಡಾಂಬರಿನಡಿ ಹೂಳಬೇಡಿ. ಉಕ್ಕಿದ ದಿನ ಮುಚ್ಚಳ ಹುಡುಕಲು ನಿಮ್ಮವರಿಗೇ ಕಷ್ಟ, ಎಲ್ಲ ಬೀದಿಯಲ್ಲೂ ನಮ್ಮ ಅತ್ತೆಯಂಥವರು ಇರುವುದಿಲ್ಲ. ಪಾಲಿಕೆ ಒಂದಿದ್ದದ್ದು ಈಗ ಐದಾಗಿದೆ, ಮೋರಿ ಅವರದು, ಯುಜಿಡಿ ಜಲಮಂಡಳಿಯದು. ಮೋರಿಯಲ್ಲಿ ಹೂಳು ತುಂಬಿದ್ದರೆ ಜನ ಮಳೆನೀರನ್ನು ಯುಜಿಡಿಗೇ ಬಿಡುತ್ತಾರೆ. ಒಬ್ಬರ ಕೆಲಸ ಆಗದಿದ್ದರೆ ಇನ್ನೊಬ್ಬರದೂ ಕೆಡುತ್ತದೆ. ಮಳೆಗಾಲಕ್ಕೆ ಮುಂಚೆ ಎರಡೂ ಕಡೆಯವರು ಒಂದೇ ದಿನ ಒಂದು ಕ್ರಾಸಿಗೆ ಬರುವುದು ಅಸಾಧ್ಯವೇನಲ್ಲ.

ತಾರಸಿಯ ನೀರು ಈಗ ನಮ್ಮಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಕೇಳುತ್ತೀರಿ. ಹಿತ್ತಿಲಲ್ಲಿ ಚಪ್ಪಡಿ ಮುಚ್ಚಿ ಮೇಲೆ ಬಟ್ಟೆ ಒಗೆಯುವ ಕಲ್ಲು ಇಟ್ಟಿದ್ದ ಹಳೇ ಬಾವಿ ಇತ್ತಲ್ಲ, ಅದಕ್ಕೆ. ಮಧ್ಯದಲ್ಲಿ ಜಲ್ಲಿ, ಮರಳು, ಇದ್ದಿಲು ತುಂಬಿದ ಒಂದು ಡ್ರಮ್ಮು. ಮೊದಲ ಮಳೆಯ ಕೊಳೆ ಮತ್ತು ಹೊಂಗೆ ಹೂ ಹೊರಗೆ ಹೋಗಲು ಒಂದು ಪಕ್ಕದ ವಾಲ್ವು. ಬಾವಿಯಿಲ್ಲದವರು ಇಂಗುಗುಂಡಿ ಮಾಡಿಸಬಹುದು, ಅದೂ ಆಗದಿದ್ದರೆ ಪೈಪನ್ನು ಮೋರಿಗಾದರೂ ತಿರುಗಿಸಿ. 2009ರಿಂದ 60×40 ಅಡಿ ಸೈಟಿನ ಹಳೇ ಮನೆಗಳಿಗೆ, 30×40 ಅಡಿ ಸೈಟಿನ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವೇ ಇದೆ. ಹೇಗೆ ಮಾಡಿಸುವುದು ಅಂತ ತಿಳಿಯದಿದ್ದರೆ ಜಯನಗರ ಐದನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಪಾರ್ಕ್ ಇದೆ, ಮಾದರಿಗಳನ್ನು ಕಣ್ಣಾರೆ ನೋಡಬಹುದು.

ನಿಮ್ಮ ಪೈಪು ಎಲ್ಲಿಗೆ ಸೇರಿದೆ ಅಂತ ತಿಳಿಯಲು ಗೋಡೆ ಒಡೆಸಬೇಕಿಲ್ಲ. ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಮುಚ್ಚಳ ಕಲೆಸಿ ತಾರಸಿಯ ತೂತಿಗೆ ಸುರಿಯಿರಿ, ಕೆಳಗೆ ಇನ್ನೊಬ್ಬರು ಚೇಂಬರ್ ತೆಗೆದು ನಿಂತಿರಲಿ. ನೀಲಿ ಬಂದರೆ ಬಂತು. ಮುಂದಿನ ಎರಡು ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು, ನಮ್ಮ ಯಜಮಾನರು, ಆ ಪ್ಲಂಬರ್ ಹುಡುಗ ಕ್ರಾಸಿನ ಮೇಲಿನ ತುದಿಯಿಂದ ಶುರು ಮಾಡಿ ಒಂದೊಂದೇ ಮನೆಗೆ ಬರುತ್ತೇವೆ. ಬೇಡ ಅನ್ನುವವರ ಗೇಟು ತಟ್ಟುವುದಿಲ್ಲ, ಯಾರ ಮನೆಯಲ್ಲಿ ನೀಲಿ ಬಂತು ಅಂತ ಯಾರಿಗೂ ಹೇಳುವುದೂ ಇಲ್ಲ. ಚೇಂಬರ್ ಎಲ್ಲಿದೆ ಅಂತ ಗೊತ್ತಿಲ್ಲದವರು ಅಷ್ಟರೊಳಗೆ ಮನೆಯ ಹಿರಿಯರನ್ನು ಕೇಳಿ ಇಟ್ಟುಕೊಳ್ಳಿ, ಸುಣ್ಣದಲ್ಲಿ ಒಂದು ಗುರುತು ಹಾಕಿ.

ಮೇಷ್ಟ್ರ ಹೆಂಡತಿಯವರಿಗೆ ನಾನು ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಅರ್ಜಿಯ ಜೆರಾಕ್ಸ್ ನನ್ನ ಹತ್ತಿರ ಇನ್ನೂ ಇದೆ, ಎಲ್ಲರ ಹೆಸರೂ ಇದೆ’ ಅಂದರು. ಆ ಪಟ್ಟಿಯನ್ನೇ ತೆಗೆದುಕೊಂಡು ಭಾನುವಾರ ಬರುತ್ತೇವೆ. ಬಕೆಟ್ಟು ನಿಮ್ಮದು, ನೀಲಿ ನಮ್ಮದು.

ಇಂತಿ,
ಹೊಂಗೆ ಮರದ ಮನೆಯವಳು